ಲೈನ್ ಲಾಕ್: ಮುಂದಿನ ಚಕ್ರ ಹಿಡಿದು ಹಿಂದಿನದನ್ನು ಬಿಡುವ ವಾಲ್ವ್

ಡ್ರ್ಯಾಗ್ ರೇಸ್, ಅಂದರೆ ನೇರ ದಾರಿಯಲ್ಲಿ ಓಡುವ ಸಣ್ಣ ಓಟ, ಶುರುವಾಗುವ ಮುಂಚೆ ಕಾರುಗಳು ಸ್ಟಾರ್ಟ್ ಗೆರೆಯ ಹಿಂದೆ ನಿಂತು ಹೊಗೆ ಎಬ್ಬಿಸುವುದನ್ನು ನೋಡಿರುತ್ತೀರಿ. ಹಿಂದಿನ ಟೈರುಗಳು ಗಿರ್ರನೆ ತಿರುಗುತ್ತಿರುತ್ತವೆ. ಇಂಜಿನ್ ಕಿವಿಗಡಚಿಕ್ಕುವ ಹಾಗೆ ಕೂಗುತ್ತಿರುತ್ತದೆ. ಕಾರು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಡ್ರೈವರ್ ಬ್ರೇಕ್ ಒತ್ತಿ ಹಿಡಿದಿರಬೇಕು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಹಿಡಿಯಬೇಕು, ಅಲ್ವಾ? ಮುಂದಿನ ಎರಡು ಮಾತ್ರ ಹಿಡಿದುಕೊಂಡು ಹಿಂದಿನ ಎರಡು ಸಲೀಸಾಗಿ ತಿರುಗುವುದು ಹೇಗೆ?

ಇದನ್ನು ಮಾಡುವುದು ಲೈನ್ ಲಾಕ್ ಅನ್ನುವ ಸಣ್ಣ ವಾಲ್ವ್. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಅಷ್ಟೇ. ಒಳಗೆ ಚಲಿಸುವ ಭಾಗಗಳೂ ಕಡಿಮೆ. ಕೈ ಪಳಗಿದವರು ಒಂದು ದಿನದೊಳಗೆ ಕೂರಿಸಿ ಮುಗಿಸುತ್ತಾರೆ. ಹಾಗಂತ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಬ್ರೇಕ್ ಪೈಪನ್ನೇ ಬಿಚ್ಚಿ ಮಧ್ಯೆ ಸೇರಿಸುವ ಭಾಗ ಇದು. ಬರ್ನ್‌ಔಟ್, ಅಂದರೆ ಹೀಗೆ ನಿಂತಲ್ಲೇ ಟೈರ್ ತಿರುಗಿಸಿ ಹೊಗೆ ಎಬ್ಬಿಸುವುದು, ಕೆಲವೇ ಸೆಕೆಂಡಿನ ಕೆಲಸ. ಓಟ ಮುಗಿದ ಮೇಲೆ ಪೂರ್ತಿ ವೇಗದಲ್ಲಿರುವ ಕಾರನ್ನು ನಿಲ್ಲಿಸಬೇಕಾದ್ದೂ ಇದೇ ಬ್ರೇಕ್. ಆ ಎರಡನೆಯ ಕೆಲಸಕ್ಕೆ ಕೂದಲೆಳೆಯಷ್ಟೂ ತೊಂದರೆ ಆಗದ ಹಾಗೆ ಮೊದಲನೆಯದನ್ನು ಮಾಡಿಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿನ ಮುಖ್ಯ ವಿಷಯ.

ಹೊಗೆ ಯಾಕೆ ಬೇಕು

ಬರ್ನ್‌ಔಟ್ ನೋಡುವವರ ಖುಷಿಗೆ ಮಾಡುವುದಲ್ಲ. ಡ್ರ್ಯಾಗ್ ಕಾರಿನ ಹಿಂದಿನ ಸ್ಲಿಕ್ ಟೈರಿನ (ಗೀರುಗಳಿಲ್ಲದ ನುಣುಪು ಟೈರಿನ) ರಬ್ಬರ್ ತುಂಬಾ ಮೆತ್ತಗಿರುತ್ತದೆ. ಆದರೆ ಬಿಸಿಯಾದಾಗ ಮಾತ್ರ ಅದು ನೆಲಕ್ಕೆ ಚೆನ್ನಾಗಿ ಅಂಟುತ್ತದೆ. ತಣ್ಣಗಿದ್ದಾಗ ಜಾರುತ್ತದೆ. ಪಾರ್ಕಿಂಗ್ ಜಾಗದಿಂದ ಟ್ರ್ಯಾಕ್‌ಗೆ ಬರುವಷ್ಟರಲ್ಲಿ ಮರಳು, ಧೂಳು, ಸಣ್ಣ ಕಲ್ಲು ಎಲ್ಲ ಮೆತ್ತಿಕೊಂಡಿರುತ್ತವೆ. ಟೈರನ್ನು ಜೋರಾಗಿ ತಿರುಗಿಸಿದರೆ ಮೇಲ್ಪದರ ಸವೆದು ಕೊಳೆ ಹೋಗುತ್ತದೆ, ರಬ್ಬರ್ ಕಾಯುತ್ತದೆ.

ಕಾಲು ಮೈಲಿಯ ಓಟ ಅಂದರೆ 1320 ಅಡಿ, ಸುಮಾರು 402 ಮೀಟರ್. ಅದರಲ್ಲಿ ಮೊದಲ 60 ಅಡಿ ದಾಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ರೇಸರ್‌ಗಳು ಮೊದಲು ನೋಡುತ್ತಾರೆ. ಅಲ್ಲಿ ಟೈರ್ ಜಾರಿ ಹೋದ ಹೊತ್ತು ಕೊನೆಯ ಗೆರೆ ಮುಟ್ಟುವಾಗ ಇನ್ನಷ್ಟು ದೊಡ್ಡದಾಗಿರುತ್ತದೆ. ಶುರುವಿನಲ್ಲಿ ವೇಗ ಕಮ್ಮಿಯಾದರೆ ಮುಂದಿನ ಇಡೀ ದಾರಿಯನ್ನು ಆ ಕಮ್ಮಿ ವೇಗದಿಂದಲೇ ಶುರು ಮಾಡಬೇಕಲ್ಲ.

ಲೈನ್ ಲಾಕ್ ಇಲ್ಲದೆಯೂ ಬರ್ನ್‌ಔಟ್ ಮಾಡುವವರಿದ್ದಾರೆ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್. ಇಂಜಿನ್ ಶಕ್ತಿ ಹಿಂದಿನ ಬ್ರೇಕನ್ನು ಮೀರಿ ಚಕ್ರ ತಿರುಗಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಹಿಂದಿನ ಬ್ರೇಕ್ ಸುಮ್ನೆ ಇರುವುದಿಲ್ಲ. ಪ್ಯಾಡೋ ಶೂವೋ, ಉಜ್ಜಿ ಉಜ್ಜಿ ಕಾದು ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಅದು ಹಿಡಿಯಬೇಕಾದಾಗ ಸರಿಯಾಗಿ ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ಕೂಡ ವಿಪರೀತ ಬಿಸಿಯಾಗುತ್ತದೆ. ಇನ್ನು ಮ್ಯಾನುಯಲ್ ಗೇರಿನ ಕಾರಿನಲ್ಲಿ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಒಟ್ಟಿಗೆ ಆಡಿಸಬೇಕು. ಇರುವುದು ಎರಡೇ ಕಾಲು.

ಒಳಗೆ ಏನಾಗುತ್ತದೆ

ಬ್ರೇಕ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಒಳಗಿನ ಪಿಸ್ಟನ್ ಬ್ರೇಕ್ ಆಯಿಲನ್ನು ದೂಡುತ್ತದೆ. ಆಯಿಲ್ ಕುಗ್ಗುವ ವಸ್ತುವಲ್ಲ. ಹಾಗಾಗಿ ಒತ್ತಡ ಪೈಪಿನುದ್ದಕ್ಕೂ ಹಾಗೇ ದಾಟಿ ಚಕ್ರದ ಬಳಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಪಿಸ್ಟನ್ನನ್ನು ದೂಡುತ್ತದೆ. ಪ್ಯಾಡ್ ಹೋಗಿ ಡಿಸ್ಕನ್ನು ಕಚ್ಚುತ್ತದೆ. ಕಾಲು ತೆಗೆದರೆ ಆಯಿಲ್ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಕಚ್ಚಿದ್ದು ಬಿಡುತ್ತದೆ.

ಈ ವಾಪಸ್ ಬರುವ ದಾರಿಯನ್ನು ಮುಚ್ಚಿಬಿಟ್ಟರೆ? ಕಾಲುವೆಗೆ ತೂಬು ಇಳಿಸಿದರೆ ಆಚೆಗಿನ ನೀರು ಆಚೆಗೇ ಉಳಿಯುವ ಹಾಗೆ ಒತ್ತಡ ಕ್ಯಾಲಿಪರ್ ಕಡೆಯೇ ಉಳಿಯುತ್ತದೆ. ಪೆಡಲ್‌ನಿಂದ ಕಾಲು ತೆಗೆದರೂ ಪ್ಯಾಡ್ ಬಿಡುವುದಿಲ್ಲ. ಲೈನ್ ಲಾಕ್ ಮಾಡುವುದು ಇಷ್ಟೇ. ಅದರೊಳಗೆ ತಾಮ್ರದ ತಂತಿ ಸುತ್ತಿದ ಒಂದು ಸೊಲೆನಾಯ್ಡ್ ಇದೆ. ಅದಕ್ಕೆ 12 ವೋಲ್ಟ್ ಕರೆಂಟ್ ಕೊಟ್ಟಾಗ ಅದು ಆಯಸ್ಕಾಂತವಾಗುತ್ತದೆ, ಒಳಗಿನ ಕಬ್ಬಿಣದ ಕಡ್ಡಿ ಸರಿದು ಆಯಿಲಿನ ದಾರಿ ಮುಚ್ಚುತ್ತದೆ. ಕರೆಂಟ್ ತೆಗೆದರೆ ಸ್ಪ್ರಿಂಗ್ ಕಡ್ಡಿಯನ್ನು ಹಿಂದಕ್ಕೆ ತಂದು ದಾರಿ ತೆರೆಯುತ್ತದೆ.

ಕರೆಂಟ್ ಇಲ್ಲದಾಗ ತೆರೆದಿರುತ್ತದೆ ಅನ್ನುವುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಇದರ ವಿನ್ಯಾಸದಲ್ಲಿ ನನಗೆ ತುಂಬಾ ಹಿಡಿಸುವ ಅಂಶ ಇದು. ಫ್ಯೂಸ್ ಹೋಗಲಿ, ವೈರ್ ಕಿತ್ತು ಬರಲಿ, ಬ್ಯಾಟರಿ ಸಾಯಲಿ, ಬ್ರೇಕ್ ಎಂದಿನ ಹಾಗೇ ಕೆಲಸ ಮಾಡುತ್ತದೆ. ಕೆಟ್ಟರೂ ಒಳ್ಳೆಯ ಕಡೆಗೇ ಕೆಡುವ ಹಾಗೆ ಮಾಡಿದ್ದಾರೆ.

ಇಂಥ ವಾಲ್ವನ್ನು ಮುಂದಿನ ಬ್ರೇಕಿನ ಪೈಪಿಗೆ ಮಾತ್ರ ಕೂರಿಸುತ್ತಾರೆ. ಪೆಡಲ್ ಒತ್ತಿದಾಗ ನಾಲ್ಕೂ ಹಿಡಿಯುತ್ತವೆ. ಬಟನ್ ಒತ್ತಿ ಕಾಲು ತೆಗೆದಾಗ ಮುಂದಿನವು ಹಿಡಿದೇ ಇರುತ್ತವೆ, ಹಿಂದಿನವು ಬಿಡುತ್ತವೆ. ಈಗ ಎರಡೂ ಕಾಲು ಖಾಲಿ.

ಪೈಪಿನ ದಾರಿ ಮೊದಲು ನೋಡಿ

ಎಲ್ಲ ಕಾರಿನ ಬ್ರೇಕ್ ಪೈಪೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಕಿಟ್ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಮಾಸ್ಟರ್ ಸಿಲಿಂಡರಿನಿಂದ ಮುಂದಿನ ಎರಡಕ್ಕೆ ಒಂದು ಪೈಪು, ಹಿಂದಿನ ಎರಡಕ್ಕೆ ಇನ್ನೊಂದು ಪೈಪು. ಅಮೆರಿಕದ ಹಳೇ ಮಸಲ್ ಕಾರುಗಳಲ್ಲಿ (ದೊಡ್ಡ ಇಂಜಿನ್ನಿನ ಜೋರು ಕಾರುಗಳಲ್ಲಿ) ಸಾಮಾನ್ಯವಾಗಿ ಹೀಗೇ ಇರುತ್ತದೆ. ಒಂದೇ ವಾಲ್ವ್ ಸಾಕು. ಮುಂದಿನ ಪೈಪು ಎಡಬಲಕ್ಕೆ ಕವಲೊಡೆಯುವ ಮೊದಲು ಅದನ್ನು ಕೂರಿಸಿದರೆ ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತವೆ. ಅದಕ್ಕಿಂತಲೂ ಹಳೆಯ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಪೈಪು ಇದ್ದು, ಅದೇ ಮುಂದೆ ನಾಲ್ಕೂ ಚಕ್ರಕ್ಕೆ ಹಂಚಿಕೊಳ್ಳುತ್ತದೆ. ಅಲ್ಲಿ ಮಾಸ್ಟರ್ ಸಿಲಿಂಡರಿನ ಬುಡದಲ್ಲೇ ವಾಲ್ವ್ ಹಾಕಿದರೆ ನಾಲ್ಕೂ ಲಾಕ್ ಆಗುತ್ತವೆ. ಮುಂದಿನ ಕವಲು ಬೇರೆಯಾದ ಮೇಲೆ ಹಾಕಬೇಕು.

ಈಗಿನ ಎಷ್ಟೋ ಕಾರುಗಳಲ್ಲಿ, ಅದರಲ್ಲೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವವುಗಳಲ್ಲಿ, ಪೈಪು ಮೂಲೆಯಿಂದ ಮೂಲೆಗೆ ಹಂಚಿಕೆಯಾಗಿರುತ್ತದೆ. ಮುಂದಿನ ಎಡದ್ದೂ ಹಿಂದಿನ ಬಲದ್ದೂ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಇಲ್ಲಿ ಒಂದು ಜೋಡಿಯ ಪೈಪಿಗೆ ವಾಲ್ವ್ ಹಾಕಿದರೆ ಮುಂದಿನದೊಂದು, ಹಿಂದಿನದೊಂದು ಹಿಡಿಯುತ್ತದೆ. ಅದರಿಂದ ಏನೂ ಉಪಯೋಗವಿಲ್ಲ. ಹಿಡಿಯಬೇಕಾದ ಎರಡು ಚಕ್ರಗಳಲ್ಲಿ ಒಂದೊಂದರ ಪೈಪಿಗೂ ಬೇರೆ ಬೇರೆ ವಾಲ್ವ್ ಬೇಕಾಗುತ್ತದೆ. ಶಕ್ತಿ ಮುಂದಿನ ಚಕ್ರಕ್ಕೆ ಹೋಗುವ ಡ್ರ್ಯಾಗ್ ಕಾರಿನಲ್ಲಂತೂ ಲೆಕ್ಕ ತಿರುಗುಮುರುಗು: ತಿರುಗಬೇಕಾದ್ದು ಮುಂದಿನವು, ಹಿಡಿಯಬೇಕಾದ್ದು ಹಿಂದಿನವು. ವಾಲ್ವ್ ಹಿಂದಿನ ಬ್ರೇಕಿಗೆ ಹೋಗುತ್ತದೆ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಆ ಮಾಡೆಲ್‌ಗಾಗಿಯೇ ಮಾಡಿದ ಕಿಟ್ ಬಿಟ್ಟು ಬೇರೆ ಹಾಕಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಬಿಎಸ್ ಪೆಟ್ಟಿಗೆಯಿಂದ ಚಕ್ರಗಳಿಗೆ ಹೋಗುವ ಪೈಪುಗಳು ಬೇರೆ, ಅದರ ಕಂಪ್ಯೂಟರಿಗೆ ಚಕ್ರದ ವೇಗದ ಲೆಕ್ಕ ಬೇರೆ. ಅಂದಾಜಿನ ಮೇಲೆ ಕೈಹಾಕುವ ಜಾಗ ಅದಲ್ಲ. ಕೆಲವು ಕಾರುಗಳಲ್ಲಿ ಈ ವ್ಯವಸ್ಥೆ ಕಂಪನಿಯಿಂದಲೇ ಬರುತ್ತದೆ. ಫೋರ್ಡ್ 2015ರ ಮಸ್ಟ್ಯಾಂಗ್ ಜಿಟಿಯಲ್ಲಿ ಎಲೆಕ್ಟ್ರಾನಿಕ್ ಲೈನ್ ಲಾಕ್ ಕೊಟ್ಟಿತು. ಅಲ್ಲಿ ಬೇರೆ ವಾಲ್ವೇ ಇಲ್ಲ. ಎಬಿಎಸ್ ಒಳಗೆ ಹೇಗೂ ಇರುವ ವಾಲ್ವುಗಳನ್ನೇ ಸಾಫ್ಟ್‌ವೇರ್ ಬಳಸಿಕೊಳ್ಳುತ್ತದೆ, 15 ಸೆಕೆಂಡಿನ ನಂತರ ತಾನಾಗಿ ಬಿಟ್ಟುಬಿಡುತ್ತದೆ.

ಕೂರಿಸುವುದು

ಮಾಸ್ಟರ್ ಸಿಲಿಂಡರಿನಲ್ಲಿ ಮುಂದಿನ ಬ್ರೇಕಿನ ಪೈಪು ಯಾವುದು ಅಂತ ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಕೆಲವು ಕಾರುಗಳಲ್ಲಿ ಮುಂದಿನ ತೂತು, ಕೆಲವುಗಳಲ್ಲಿ ಹಿಂದಿನ ತೂತು. ಪೈಪನ್ನು ಬೆರಳಲ್ಲಿ ಹಿಡಿದುಕೊಂಡು ಚಕ್ರದವರೆಗೂ ಹೋಗಿ ನೋಡಿ. ಮಧ್ಯೆ ಹಿತ್ತಾಳೆಯ ಒಂದು ಗಟ್ಟಿ ಇದ್ದು ಅದರಿಂದ ಪೈಪುಗಳು ಕವಲೊಡೆದಿದ್ದರೆ, ಮಾಸ್ಟರ್ ಸಿಲಿಂಡರಿಗೂ ಅದಕ್ಕೂ ನಡುವಿನ ಮುಂದಿನ ಪೈಪಿನಲ್ಲಿ ವಾಲ್ವ್ ಕೂರುತ್ತದೆ. ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ವಾಲ್ವ್ ಇದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ವಾಲ್ವಿನ ಮೈಮೇಲೆ ಒಳಕ್ಕೆ ಯಾವುದು, ಹೊರಕ್ಕೆ ಯಾವುದು ಅಂತ ಗುರುತು ಇರುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಬರುವುದು ಒಳಕ್ಕೆ, ಚಕ್ರಕ್ಕೆ ಹೋಗುವುದು ಹೊರಕ್ಕೆ. ಅದಲುಬದಲಾದರೆ ಒತ್ತಡ ಸರಿಯಾಗಿ ನಿಲ್ಲುವುದಿಲ್ಲ.

ಜಾಗ ಆರಿಸುವಾಗ ಸೈಲೆನ್ಸರ್ ಪೈಪಿನ ಬಿಸಿಯಿಂದ ದೂರ ಇರಲಿ. ಚಾಸಿಗೋ ಇಂಜಿನ್ ಕೋಣೆಯ ಗೋಡೆಗೋ ಬೋಲ್ಟ್ ಹಾಕಿ ಬಿಗಿಯಿರಿ. ಪೈಪಿಗೆ ಜೋತುಬಿಟ್ಟರೆ ಅದುರುವಾಗ ಪೈಪಿನ ಕತ್ತು ನಿಧಾನಕ್ಕೆ ಸೀಳುತ್ತದೆ. ಕಂಪನಿಯವರು ಮಾಸ್ಟರ್ ಸಿಲಿಂಡರ್ ಹತ್ತಿರ ಪೈಪನ್ನು ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ಅದು ಅಲಂಕಾರವಲ್ಲ, ಅದುರುವಿಕೆಯನ್ನು ನುಂಗಿಕೊಳ್ಳಲು. ನೀವು ಹಾಕುವ ಪೈಪಿನಲ್ಲೂ ಹಾಗೆ ಒಂದು ಸುತ್ತು ಬಿಟ್ಟರೆ ಒಳ್ಳೆಯದು.

ಇಡೀ ಕೆಲಸದಲ್ಲಿ ಕೈಚಳಕ ಬೇಕಾಗುವುದು ಪೈಪಿನ ಬಾಯಿ ಅರಳಿಸುವಾಗ. ಅಮೆರಿಕದ ಕಾರುಗಳಲ್ಲಿ ಬ್ರೇಕ್ ಪೈಪು ಸಾಮಾನ್ಯವಾಗಿ 3/16 ಇಂಚಿನದು, ಅಂದರೆ ಸುಮಾರು 4.75 ಮಿಲಿಮೀಟರ್. ಗರಗಸದಲ್ಲಿ ಕೊಯ್ಯಬೇಡಿ, ಪೈಪ್ ಕಟರ್ ಬಳಸಿ. ಕೊಯ್ದ ಅಂಚಿನ ಒಳಗೆ ನಿಂತ ಮುಳ್ಳನ್ನು ಕೆರೆದು ತೆಗೆಯಿರಿ. ಆ ಚೂರು ಆಯಿಲ್ ಜೊತೆ ಹೋಗಿ ವಾಲ್ವಿನ ಸೀಟಿನ (ಕಡ್ಡಿ ಬಂದು ಕೂತು ದಾರಿ ಮುಚ್ಚುವ ಜಾಗದ) ಮೇಲೆ ಕೂತರೆ ವಾಲ್ವ್ ಎಂದೂ ಪೂರ್ತಿ ಮುಚ್ಚುವುದಿಲ್ಲ. ಬಾಯಿ ಅರಳಿಸುವ ಮೊದಲು ನಟ್ಟನ್ನು ಪೈಪಿಗೆ ಪೋಣಿಸಿ, ಆಮೇಲೆ ಅದು ಒಳಗೆ ಹೋಗುವುದಿಲ್ಲ. ಹೀಗೆ ಅರಳಿಸಿದ ಬಾಯಿಗೆ ಫ್ಲೇರ್ ಅನ್ನುತ್ತಾರೆ. ಇಲ್ಲಿ ಬೇಕಾದ್ದು ಡಬಲ್ ಫ್ಲೇರ್, ಅಂದರೆ ಅಂಚನ್ನು ಎರಡು ಸಲ ಮಡಿಚುವುದು. ಮೊದಲ ಒತ್ತಿಗೆ ಪೈಪಿನ ತುದಿ ಒಳಕ್ಕೆ ಬಾಗಿ ಗುಳ್ಳೆಯ ಆಕಾರಕ್ಕೆ ಬರುತ್ತದೆ. ಎರಡನೆಯ ಒತ್ತಿಗೆ ಆ ಗುಳ್ಳೆ ತನ್ನೊಳಗೆ ತಾನೇ ಮಡಿಚಿಕೊಂಡು 45 ಡಿಗ್ರಿಯ ಎರಡು ಪದರದ ಅಂಚಾಗುತ್ತದೆ. ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ, ಕೂದಲಿನಷ್ಟು ಸೀಳು ಕಂಡರೆ, ಕೊಯ್ದು ಮತ್ತೆ ಮಾಡಿ. ಒಂದೇ ಪದರದ ಫ್ಲೇರ್ ಅಲ್ಲಿ ಬಾಳುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಒಳಗಿನ ಒತ್ತಡ 1000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟಬಹುದು. ರೇಸ್ ಕಾರುಗಳಲ್ಲಿ ಬಳಸುವ ಏಎನ್ ಅನ್ನುವ ಅಳತೆಯ ಪೈಪ್ ಫಿಟಿಂಗ್ ಬಳಸುವುದಾದರೆ ಅದರ ಕೋನ 37 ಡಿಗ್ರಿ. ಅದಕ್ಕೆ ಬೇರೆಯೇ ಟೂಲ್ ಬೇಕು. 37ರ ಪಕ್ಕದಲ್ಲಿ 45 ಕೂರಿಸಿ ಬಿಗಿದರೆ ಮೊದಲಿಗೆ ಸೋರದಿರಬಹುದು, ಆದರೆ ನಂಬುವ ಹಾಗಿಲ್ಲ.

ಫ್ಲೇರ್ ಇರುವ ಕಡೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೋರಿಕೆ ತಡೆಯುವುದು ಅರಳಿದ ಬಾಯಿಯೇ, ನಟ್ಟಿನ ಮರೆ, ಅಂದರೆ ತಿರುಪಿನ ಗೀರುಗಳು, ಅಲ್ಲ. ವಾಲ್ವಿನ ತೂತು ಕಿರಿದಾಗುತ್ತಾ ಹೋಗುವ ಪೈಪ್ ಮರೆಯದ್ದಾದರೆ ಬ್ರೇಕ್ ಆಯಿಲ್ ತಡೆದುಕೊಳ್ಳುವ ದ್ರವ ಸೀಲರ್ ಸ್ವಲ್ಪವೇ ಹಚ್ಚಿ. ಟೇಪಿನ ಎಳೆ ಒಳಗೆ ಸೇರಿಕೊಂಡರೆ ಮತ್ತೆ ಅದೇ ಕಥೆ, ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಾಮ್ರದ ಸಾದಾ ಪೈಪು, ರಿಂಗ್ ಹಾಕಿ ಬಿಗಿಯುವ ಕಂಪ್ರೆಷನ್ ಫಿಟಿಂಗ್ ಇವೆರಡೂ ಬ್ರೇಕಿಗೆ ಬೇಡವೇ ಬೇಡ. ಸ್ಟೀಲ್ ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಮಾತ್ರ.

ವೈರಿಂಗ್ ಸುಲಭ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಒಂದು ವೈರ್, ಅದರ ಬುಡದಲ್ಲೇ ಕಿಟ್‌ನವರು ಹೇಳಿದ ಅಳತೆಯ ಫ್ಯೂಸ್, ಅಲ್ಲಿಂದ ಬಟನ್, ಬಟನ್‌ನಿಂದ ಸೊಲೆನಾಯ್ಡ್, ಅದರ ಇನ್ನೊಂದು ವೈರ್ ಬಣ್ಣ ಕೆರೆದ ಚೊಕ್ಕ ಲೋಹಕ್ಕೆ ಅರ್ಥಿಂಗ್. ಒಂದು ಸಣ್ಣ ಲೈಟನ್ನೂ ಜೋಡಿಸಿ, ಲಾಕ್ ಆಗಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಉರಿಯಲಿ.

ಬಟನ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡಿ, ಬೆರಳು ತೆಗೆದ ತಕ್ಷಣ ಬಿಡುವ ಬಟನ್ನೇ ಬೇಕು. ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್ ಆಗುವ ಸ್ವಿಚ್ ಹಾಕಿದರೆ ಮರೆತು ಹೋಗುವ ದಿನ ಬಂದೇ ಬರುತ್ತದೆ. ಗೇರ್ ಲಿವರಿನ ಮೇಲೋ ಸ್ಟೇರಿಂಗ್ ಮೇಲೋ ಬೆರಳಿಗೆ ಸಿಗುವ ಕಡೆ ಇರಲಿ, ಆದರೆ ಗೇರ್ ಬದಲಿಸುವಾಗ ಕೈ ತಾಗುವ ಕಡೆ ಬೇಡ. ಓಡುವಾಗ ಅಕಸ್ಮಾತ್ ಬಟನ್ ಒತ್ತಿಕೊಂಡು, ಅದೇ ಹೊತ್ತಿಗೆ ನೀವು ಬ್ರೇಕ್ ಹಾಕಿದರೆ ಏನಾಗುತ್ತದೆ ಯೋಚಿಸಿ. ವಾಲ್ವಿನ ಒಳರಚನೆಯ ಮೇಲೆ ಎರಡರಲ್ಲಿ ಒಂದಾಗುತ್ತದೆ. ಮುಂದಿನ ಬ್ರೇಕಿಗೆ ಒತ್ತಡ ಹೋಗುವುದೇ ಇಲ್ಲ, ಇಲ್ಲವೇ ಹೋದ ಒತ್ತಡ ವಾಪಸ್ ಬರುವುದಿಲ್ಲ. ಪೂರ್ತಿ ವೇಗದಲ್ಲಿ ಎರಡೂ ಭಯಂಕರ. ಹಾಗಾಗಿ ಬಟನ್‌ಗೆ ಕರೆಂಟ್ ಹೋಗುವ ಮೊದಲು ಇನ್ನೊಂದು ಮೇನ್ ಸ್ವಿಚ್ ಹಾಕಿ, ಬರ್ನ್‌ಔಟ್ ಮುಗಿದ ಮೇಲೆ ಅದನ್ನು ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ.

ಗಾಳಿ ತೆಗೆದು, ಪರೀಕ್ಷೆ ಮಾಡಿ

ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿರುತ್ತದೆ. ಗಾಳಿ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಗಾಳಿ ಉಳಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ವಾಲ್ವಿಗೆ ಕರೆಂಟ್ ಕೊಡದೆ, ಅಂದರೆ ಅದು ತೆರೆದಿರುವಾಗ, ನಾಲ್ಕೂ ಚಕ್ರದ ಬ್ಲೀಡಿಂಗ್ ಮಾಡಿ, ಅಂದರೆ ಆಯಿಲ್ ಹೊರಬಿಟ್ಟು ಜೊತೆಗೆ ಗಾಳಿಯನ್ನೂ ತೆಗೆಯಿರಿ. ಮುಗಿದ ಮೇಲೆ ಬಟನ್ ಒಂದಷ್ಟು ಸಲ ಒತ್ತಿ ಬಿಟ್ಟು, ಮುಂದಿನ ಎರಡನ್ನು ಇನ್ನೊಮ್ಮೆ ಬ್ಲೀಡ್ ಮಾಡಿ. ವಾಲ್ವಿನ ಮೂಲೆಯಲ್ಲಿ ಅಡಗಿದ್ದ ಗುಳ್ಳೆ ಆಗ ಹೊರಬರುತ್ತದೆ.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು, ಕಾರಿಗೆ ಯಾವುದು ಹೇಳಿದೆಯೋ ಅದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಕನಿಷ್ಠ 230ರ ತನಕ. ಇವು ಗಾಳಿಯ ತೇವ ಹೀರುತ್ತಾ ಹೋದ ಹಾಗೆ ಆ ಅಂಕಿ 140 ಮತ್ತು 155ರ ಹತ್ತಿರಕ್ಕೆ ಇಳಿಯುತ್ತದೆ. ಬಾಟಲಿ ತೆರೆದು ಬಹಳ ದಿನ ಇಟ್ಟ ಆಯಿಲ್ ಬೇಡ ಅನ್ನುವುದು ಅದಕ್ಕೇ. ಸಿಲಿಕೋನ್‌ನ ಡಾಟ್ 5 ಇವುಗಳ ಜೊತೆ ಬೆರೆಯುವುದಿಲ್ಲ. ಬಣ್ಣದ ಮೇಲೆ ಡಾಟ್ 3 ಅಥವಾ 4 ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದುಬಿಡುತ್ತದೆ.

ಪರೀಕ್ಷೆಗೆ ಕಾರಿನ ಮುಂಭಾಗವನ್ನು ಜ್ಯಾಕಿನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಒಬ್ಬರು ಒಳಗೆ ಕೂತು ಪೆಡಲ್ ಗಟ್ಟಿಯಾಗಿ ಒತ್ತಿ, ಬಟನ್ ಒತ್ತಿ ಹಿಡಿದು, ಕಾಲು ತೆಗೆಯಲಿ. ಇನ್ನೊಬ್ಬರು ಮುಂದಿನ ಚಕ್ರ ತಿರುಗಿಸಲು ನೋಡಲಿ. ಅಲುಗಬಾರದು. ಹತ್ತು ಸೆಕೆಂಡ್ ಹಾಗೇ ಇರಲಿ. ಮೆಲ್ಲಗೆ ಸಡಿಲವಾದರೆ ಸೀಟಿನಲ್ಲಿ ಕಸ ಇದೆ ಅಥವಾ ಎಲ್ಲೋ ಸೋರುತ್ತಿದೆ. ಬಟನ್ ಬಿಟ್ಟ ತಕ್ಷಣ ಚಕ್ರ ಸಲೀಸಾಗಿ ತಿರುಗಬೇಕು. ಈ ಎರಡನೆಯದನ್ನು ಜಾಸ್ತಿ ಗಮನವಿಟ್ಟು ನೋಡಿ. ಹಿಡಿಯದ ಲೈನ್ ಲಾಕಿನಿಂದ ಬರ್ನ್‌ಔಟ್ ಕೆಡುತ್ತದೆ, ಅಷ್ಟೇ. ಬಿಡದ ಲೈನ್ ಲಾಕ್ ಓಡುವ ಕಾರಿನ ಮುಂದಿನ ಬ್ರೇಕನ್ನು ಸುಡುತ್ತದೆ. ಆಮೇಲೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಪ್ರತಿ ಜಾಯಿಂಟಿಗೂ ಒಣ ಬಟ್ಟೆ ಮುಟ್ಟಿಸಿ ನೋಡಿ. ಎಲ್ಲಿಯೂ ತೇವ ಇರಬಾರದು. ಕಾರನ್ನು ನಿಧಾನವಾಗಿ ಓಡಿಸಿ ಮಾಮೂಲಿ ಬ್ರೇಕ್ ಸರಿ ಇದೆ ಅಂತ ಖಾತ್ರಿಯಾದ ಮೇಲೆಯೇ ಟ್ರ್ಯಾಕಿನ ಮಾತು.

ಟ್ರ್ಯಾಕಿನಲ್ಲಿ

ಬರ್ನ್‌ಔಟ್ ಮಾಡುವ ಜಾಗಕ್ಕೆ ನೀರು ಹಾಕಿರುತ್ತಾರೆ. ನೀರಿದ್ದರೆ ಟೈರ್ ಸುಲಭವಾಗಿ ತಿರುಗಲು ಶುರುವಾಗುತ್ತದೆ, ಗೇರ್‌ಬಾಕ್ಸ್ ಮತ್ತು ಆಕ್ಸಲ್ ಮೇಲೆ ಹೊರೆ ಕಮ್ಮಿ. ಸ್ಲಿಕ್ ಇದ್ದವರು ಹಿಂದಿನ ಟೈರನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು ಅದರ ಮುಂದಿನ ಅಂಚಿಗೆ ಬಂದು ನಿಲ್ಲುತ್ತಾರೆ. ಮಧ್ಯದಲ್ಲಿ ನಿಂತು ತಿರುಗಿಸಿದರೆ ನೀರು ಚಕ್ರದ ಗೂಡಿಗೆಲ್ಲ ಹಾರಿ, ಆಮೇಲೆ ಗೆರೆಯ ಮೇಲೆ ನಿಂತಾಗ ಟೈರಿನ ಮುಂದೆಯೇ ತೊಟ್ಟಿಕ್ಕುತ್ತದೆ. ರಸ್ತೆಯ ಟೈರ್ ಹಾಕಿದವರು ನೀರಿಗೆ ಇಳಿಯದೆ ಪಕ್ಕದಿಂದ ಸುತ್ತಿ ಬಂದು, ಹಿಂದಿನ ಟೈರನ್ನು ಅಂಚಿಗೆ ತಾಗಿಸಿದರೆ ಸಾಕು. ಆ ಟೈರಿನ ಗೀರುಗಳು ನೀರನ್ನು ಹಿಡಿದಿಟ್ಟು ಗೆರೆಯ ತನಕ ಹೊತ್ತು ತರುತ್ತವೆ. ಮುಂದಿನ ಟೈರ್ ಒಣಗಿರುವುದೂ ಮುಖ್ಯ. ಲೈನ್ ಲಾಕ್ ಚಕ್ರ ತಿರುಗದ ಹಾಗೆ ಹಿಡಿಯುತ್ತದೆ, ನೆಲದ ಮೇಲೆ ಜಾರದ ಹಾಗೆ ಹಿಡಿಯಲಾರದು. ಒದ್ದೆ ಟೈರ್ ಲಾಕ್ ಆಗಿಯೇ ಜಾರುತ್ತಾ ಮುಂದೆ ಹೋಗುತ್ತದೆ.

ಸ್ಟೇರಿಂಗ್ ನೇರ ಇರಲಿ. ಬ್ರೇಕ್ ಬಲವಾಗಿ ಒತ್ತಿ. ಒತ್ತಿದ ಹಾಗೇ ಬಟನ್ ಒತ್ತಿ ಹಿಡಿಯಿರಿ. ಆಮೇಲೆ ಪೆಡಲಿಂದ ಕಾಲು ತೆಗೆಯಿರಿ. ಈ ಕ್ರಮ ಬೆರಳಿಗೆ ಅಭ್ಯಾಸವಾಗಬೇಕು. ಬಟನ್ ಮೊದಲು, ಪೆಡಲ್ ಆಮೇಲೆ ಆದರೆ ಕೆಲವು ವಾಲ್ವುಗಳಲ್ಲಿ ಒಳಗೆ ಕೂಡಿಹಾಕಲು ಒತ್ತಡವೇ ಇರುವುದಿಲ್ಲ. ಪೆಡಲ್ ಅರೆಮನಸ್ಸಿನಿಂದ ಒತ್ತಿದರೆ ಅಷ್ಟೇ ಒತ್ತಡ ಲಾಕ್ ಆಗುತ್ತದೆ, ಕಾರು ತೆವಳಲು ಶುರು ಮಾಡುತ್ತದೆ.

ಈಗ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಲಿ. ಒಂದನೆಯ ಗೇರಿನಲ್ಲಿ ಇಂಜಿನ್ ಬೇಗ ಮಿತಿ ಮುಟ್ಟುತ್ತದೆ, ಚಕ್ರ ಅಷ್ಟು ಜೋರಾಗಿ ತಿರುಗುವುದಿಲ್ಲ. ಅದಕ್ಕೆ ಎಷ್ಟೋ ಜನ ಎರಡನೆಯ ಗೇರಿಗೆ ಹೋಗುತ್ತಾರೆ. ಆಕ್ಸಿಲರೇಟರನ್ನು ಮೇಲೆ ಕೆಳಗೆ ಆಡಿಸದೆ ಒಂದೇ ಸಮನೆ ಹಿಡಿಯಿರಿ. ಕನ್ನಡಿಯಲ್ಲಿ ನೋಡುತ್ತಿರಿ. ಮೊದಲು ಬರುವುದು ನೀರಿನ ಆವಿ, ತೆಳ್ಳಗಿರುತ್ತದೆ, ಬೇಗ ಕರಗುತ್ತದೆ. ಆಮೇಲೆ ಬರುವ ದಟ್ಟ ಬಿಳಿ ಹೊಗೆ ರಬ್ಬರಿನದು. ಇಂಜಿನ್ ಸದ್ದೂ ಸ್ವಲ್ಪ ಬದಲಾಗುತ್ತದೆ, ಟೈರ್ ನೆಲವನ್ನು ಕಚ್ಚಲು ಶುರು ಮಾಡಿದ್ದು ಗೊತ್ತಾಗುತ್ತದೆ.

ಅಲ್ಲಿಗೆ ಬಟನ್ ಬಿಡಿ, ಆದರೆ ಆಕ್ಸಿಲರೇಟರ್ ಬಿಡಬೇಡಿ. ಟೈರ್ ತಿರುಗುತ್ತಿರುವಾಗಲೇ ಕಾರು ಮುಂದಕ್ಕೆ ಜಾರಿ ಒಣ ನೆಲಕ್ಕೆ ಬರಲಿ. ಅಲ್ಲಿ ನಿಧಾನವಾಗಿ ಕಾಲು ಹಗುರ ಮಾಡಿ. ಜೋರಾಗಿ ತಿರುಗುವ ಚಕ್ರದ ಮೇಲೆ ದಿಢೀರನೆ ಬ್ರೇಕ್ ಹಾಕಿದರೆ ಆ ಹೊಡೆತವೆಲ್ಲ ಆಕ್ಸಲ್ಲಿಗೂ ಗೇರ್‌ಬಾಕ್ಸಿಗೂ ಹೋಗುತ್ತದೆ. ಭಾಗ ಮುರಿಯುವುದು ಸಾಮಾನ್ಯವಾಗಿ ಇಂಥ ಕ್ಷಣದಲ್ಲಿ. ಇಡೀ ಬರ್ನ್‌ಔಟ್ ಕೆಲವು ಸೆಕೆಂಡ್ ಸಾಕು. ಜಾಸ್ತಿ ಹೊತ್ತು ಸುಟ್ಟರೆ ರಬ್ಬರ್ ಅತಿಯಾಗಿ ಕಾದು ಅಂಟುವ ಬದಲು ಜಾರುತ್ತದೆ. ಡ್ರ್ಯಾಗ್ ರೇಡಿಯಲ್ ಟೈರಿಗಂತೂ ಇನ್ನೂ ಕಮ್ಮಿ ಸಾಕು, ಹೊಗೆ ಕಾಣಿಸಿಕೊಂಡ ಕೂಡಲೇ ನಿಲ್ಲಿಸಬಹುದು. ಸೊಲೆನಾಯ್ಡ್ ಕೂಡ ಕರೆಂಟ್ ಹರಿದಷ್ಟು ಹೊತ್ತೂ ಕಾಯುತ್ತಿರುತ್ತದೆ, ದೀರ್ಘಕಾಲ ಒತ್ತಿ ಹಿಡಿದರೆ ಅದರ ಸುರುಳಿ ಸುಡುತ್ತದೆ.

ಗೆರೆಯ ಮೇಲೂ ಲೈನ್ ಲಾಕಿಗೆ ಒಂದು ಕೆಲಸ ಇದೆ. ಕಾರು ಎಲ್ಲಿ ನಿಂತಿದೆ ಅಂತ ಹೇಳುವ ಎರಡು ಬೆಳಕಿನ ಕಿರಣಗಳ ನಡುವೆ ಇರುವ ಅಂತರ 7 ಇಂಚು, ಸುಮಾರು 18 ಸೆಂಟಿಮೀಟರ್. ಎರಡನೆಯ ಕಿರಣವನ್ನು ಮುಂದಿನ ಟೈರ್ ತಾಗಿದ ಜಾಗದಲ್ಲಿ ಕಾರು ಅಲುಗದೆ ನಿಲ್ಲಬೇಕು. ಮ್ಯಾನುಯಲ್ ಗೇರಿನವರಿಗೆ ಇದು ದೊಡ್ಡ ಉಪಕಾರ. ಲೈನ್ ಲಾಕ್ ಕಾರನ್ನು ಹಿಡಿದಿರುತ್ತದೆ, ಎಡಗಾಲು ಕ್ಲಚ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಓಟ ಶುರು ಮಾಡಿಸುವ ಲೈಟುಗಳಲ್ಲಿ ಎರಡು ಬಗೆ. ಒಂದರಲ್ಲಿ ಮೂರು ಹಳದಿ ಲೈಟು ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಬಂದು ಹಸಿರು ಬರುತ್ತದೆ. ಇನ್ನೊಂದರಲ್ಲಿ ಮೂರೂ ಒಟ್ಟಿಗೆ ಹೊತ್ತಿ 0.4 ಸೆಕೆಂಡಿಗೆ ಹಸಿರು. ಯಾವುದಾದರೂ ಸರಿ, ಕ್ಲಚ್ ಬಿಡುವುದೂ ಬಟನ್ ಬಿಡುವುದೂ ಒಂದೇ ಸಲ ಆಗಬೇಕು. ಬಟನ್ ಒಂದು ಕ್ಷಣ ತಡವಾದರೆ ಮುಂದಿನ ಬ್ರೇಕನ್ನು ಎಳೆದುಕೊಂಡೇ ಕಾರು ಹೊರಡುತ್ತದೆ.

ಟ್ರಾನ್ಸ್‌ಬ್ರೇಕ್ ಬೇರೆ, ಲೈನ್ ಲಾಕ್ ಬೇರೆ. ಟ್ರಾನ್ಸ್‌ಬ್ರೇಕ್ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಒಂದನೆಯ ಗೇರನ್ನೂ ರಿವರ್ಸನ್ನೂ ಒಟ್ಟಿಗೆ ಹಿಡಿಸಿ ಹಿಂದಿನ ಚಕ್ರ ತಿರುಗದ ಹಾಗೆ ಮಾಡುತ್ತದೆ. ಗೆರೆಯಿಂದ ಹೊರಡಲು ಅದು ಚೆನ್ನ, 2018ರ ಡಾಡ್ಜ್ ಡೀಮನ್‌ನಲ್ಲಿ ಕಂಪನಿಯೇ ಕೊಟ್ಟಿತ್ತು. ಆದರೆ ಅದರಿಂದ ಬರ್ನ್‌ಔಟ್ ಆಗುವುದಿಲ್ಲ, ತಿರುಗಬೇಕಾದ ಚಕ್ರವನ್ನೇ ಅದು ಹಿಡಿಯುತ್ತದಲ್ಲ. ಎರಡೂ ಇರುವ ಕಾರುಗಳಲ್ಲಿ ಎರಡಕ್ಕೂ ಬೇರೆ ಬೇರೆ ಬಟನ್ ಇಡಿ, ಮುಟ್ಟಿದಾಗಲೇ ವ್ಯತ್ಯಾಸ ಗೊತ್ತಾಗುವ ಹಾಗೆ. ನೀವು ಓಡಿಸುವ ವರ್ಗದಲ್ಲಿ ಯಾವುದಕ್ಕೆ ಅನುಮತಿ ಇದೆ ಅನ್ನುವುದನ್ನು ನಿಯಮ ಪುಸ್ತಕದಲ್ಲಿ ಮೊದಲೇ ಓದಿಕೊಳ್ಳಿ.

ಲೈನ್ ಲಾಕನ್ನು ಹ್ಯಾಂಡ್‌ಬ್ರೇಕ್ ಬದಲು ಬಳಸುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡ. ಕರೆಂಟ್ ಹೋದ ಕ್ಷಣ ಅದು ಬಿಡುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಹೊರಟುಬಿಡುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಬರ್ನ್‌ಔಟ್ ಮಾಡುವುದೂ ಅಷ್ಟೇ, ಪಕ್ಕದಲ್ಲಿ ನಡೆದು ಹೋಗುವವರಿಗೆ ನಿಮ್ಮ ವಾಲ್ವ್ ಹಿಡಿಯುತ್ತದೋ ಬಿಡುತ್ತದೋ ಗೊತ್ತಿರುವುದಿಲ್ಲ.

ಪ್ರತಿ ಸಲ ಟ್ರ್ಯಾಕಿಗೆ ಹೋಗುವ ಮೊದಲು ಅದೇ ಸ್ಟ್ಯಾಂಡಿನ ಪರೀಕ್ಷೆ ಮತ್ತೆ ಮಾಡಿ: ಹಿಡಿಯುತ್ತದೆಯೇ, ಬಿಡುತ್ತದೆಯೇ. ಬಟನ್ ಬಿಟ್ಟ ಮೇಲೂ ಮುಂದಿನ ಚಕ್ರ ಬಿಗಿಯಾಗಿ ತಿರುಗಿದರೆ ಮೊದಲು ವಾಲ್ವಿನ ಮೊದಲಿನ ಪೈಪನ್ನು, ಅಂದರೆ ಮಾಸ್ಟರ್ ಸಿಲಿಂಡರಿನ ಕಡೆಯದನ್ನು, ಸ್ವಲ್ಪ ಸಡಿಲಿಸಿ ನೋಡಿ. ಆಗಲೂ ಚಕ್ರ ಬಿಡದೆ, ವಾಲ್ವಿನ ಆಚೆಯ ನಟ್ ಸಡಿಲಿಸಿದಾಗ ಬಿಟ್ಟರೆ ತಪ್ಪು ವಾಲ್ವಿನದೇ. ಅದನ್ನು ಬಿಚ್ಚಿ ತೊಳೆದು ಮತ್ತೆ ಹಾಕುವ ಗೋಜಿಗೆ ಹೋಗಬೇಡಿ, ಹೊಸದು ಹಾಕಿ, ಮತ್ತೆ ಬ್ಲೀಡಿಂಗ್ ಮಾಡಿ.